ಕಿಂಗ್‌ಫಿಷರ್ ಪತನ ಮತ್ತು ಭಾರತದ ವಿಮಾನಯಾನ ಮಾರುಕಟ್ಟೆ: ಕರ್ನಾಟಕದ ನೆಲೆಯಿಂದ ಒಂದು ಪರಿಶೀಲನೆ

ಪೀಠಿಕೆ

ವಿಮಾನಯಾನ ಸಂಸ್ಥೆಯೊಂದರ ಪತನವು ಇತರ ಉದ್ಯಮಗಳ ಪತನಕ್ಕಿಂತ ಸ್ವರೂಪದಲ್ಲಿಯೇ ಭಿನ್ನವಾದುದು. ಕಾರ್ಖಾನೆಯೊಂದು ಮುಚ್ಚಿದಾಗ ಅದರ ಯಂತ್ರಗಳು ನಿಂತಲ್ಲಿಯೇ ತುಕ್ಕು ಹಿಡಿಯುತ್ತವೆ. ಅದರ ಸುತ್ತಲಿನ ಊರು ಬಹುಕಾಲ ಆ ನಷ್ಟವನ್ನು ಕಣ್ಣಾರೆ ಕಾಣುತ್ತದೆ. ವಿಮಾನಯಾನದಲ್ಲಿ ಹಾಗಾಗುವುದು ಕಡಮೆ. ಬಹುಪಾಲು ವಿಮಾನಗಳು ಬಾಡಿಗೆಗೆ ತಂದವು. ಅವು ಬೇರೊಂದು ದೇಶಕ್ಕೆ ಹಾರಿ ಹೋಗಬಲ್ಲವು. ದೊಡ್ಡ ನಿಲ್ದಾಣಗಳಲ್ಲಿ ವಿಮಾನ ಇಳಿಯಲು ಮತ್ತು ಏರಲು ನಿಗದಿಯಾದ ವೇಳೆಗಳು ಪ್ರತಿಸ್ಪರ್ಧಿಗಳಿಗೆ ಹಂಚಿಕೆಯಾಗುತ್ತವೆ. ಪ್ರಯಾಣಿಕನು ಮರುವಾರವೇ ಮತ್ತೊಂದು ಸಂಸ್ಥೆಯ ಟಿಕೆಟ್ ಕೊಳ್ಳುತ್ತಾನೆ. ಆದಕಾರಣ ಮಾರುಕಟ್ಟೆಯು ಅತಿ ಶೀಘ್ರವಾಗಿ ಚೇತರಿಸಿಕೊಂಡಂತೆ ತೋರುತ್ತದೆ.

ಬೆಂಗಳೂರು ಮೂಲದ ಯು.ಬಿ. ಸಮೂಹಕ್ಕೆ ಸೇರಿದ್ದ ಕಿಂಗ್‌ಫಿಷರ್ ಏರ್‌ಲೈನ್ಸ್ 2012ರ ಅಕ್ಟೋಬರ್‌ನಲ್ಲಿ ಹಾರಾಟ ನಿಲ್ಲಿಸಿದ ಪ್ರಸಂಗವು ಈ ತೋರಿಕೆಯನ್ನು ಪರೀಕ್ಷಿಸಲು ತಕ್ಕ ನಿದರ್ಶನವಾಗಿದೆ. ಪ್ರಯಾಣಿಕರ ಒಟ್ಟು ಸಂಖ್ಯೆಯಲ್ಲಿ ಉಂಟಾದ ಕುಸಿತ ಒಂದೇ ವರ್ಷದಲ್ಲಿ ತುಂಬಿಬಂತು. ಆದರೆ ಮಾರುಕಟ್ಟೆಯ ಆಕಾರ ಮೊದಲಿನಂತೆ ಉಳಿಯಲಿಲ್ಲ. ಸಣ್ಣ ಊರುಗಳ ಸಂಪರ್ಕ, ನೌಕರರ ವೇತನ, ಬ್ಯಾಂಕುಗಳ ಸಾಲ ಹಾಗೂ ಸ್ಪರ್ಧೆಯ ಸಮತೋಲನ, ಈ ನಾಲ್ಕು ನೆಲೆಗಳಲ್ಲಿ ಪತನದ ಪರಿಣಾಮ ದೀರ್ಘಕಾಲ ಮುಂದುವರಿಯಿತು. ಈ ನಾಲ್ಕು ನೆಲೆಗಳನ್ನು ಕರ್ನಾಟಕದ ಅನುಭವದ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಐತಿಹಾಸಿಕ ಹಿನ್ನೆಲೆ

1953ರ ವಾಯು ನಿಗಮಗಳ ಕಾಯಿದೆಯ ಮೂಲಕ ಭಾರತದ ವಿಮಾನಯಾನವು ರಾಷ್ಟ್ರೀಕರಣಗೊಂಡಿತು. ಆ ಕಾಯಿದೆ 1994ರಲ್ಲಿ ರದ್ದಾಗುವವರೆಗೆ ನಿಗದಿತ ವಿಮಾನ ಸೇವೆಯು ಕಾನೂನಿನ ದೃಷ್ಟಿಯಲ್ಲಿ ಸರ್ಕಾರದ ಏಕಸ್ವಾಮ್ಯವಾಗಿತ್ತು. ಉದಾರೀಕರಣದ ಮೊದಲ ಅಲೆಯಲ್ಲಿ ಹುಟ್ಟಿದ ಈಸ್ಟ್-ವೆಸ್ಟ್, ದಮಾನಿಯಾ, ಮೋದಿಲುಫ್ತ್, ಎನ್.ಇ.ಪಿ.ಸಿ. ಮೊದಲಾದ ಸಂಸ್ಥೆಗಳು 1990ರ ದಶಕ ಮುಗಿಯುವ ಮುನ್ನವೇ ಕಣ್ಮರೆಯಾದವು; ಜೆಟ್ ಏರ್‌ವೇಸ್ ಮತ್ತು ಸಹಾರಾ ಮಾತ್ರ ಉಳಿದವು.

ಎರಡನೆಯ ಅಲೆಗೆ ಕರ್ನಾಟಕವೇ ಮುಖ್ಯ ನೆಲೆಯಾಯಿತು. ಹಾಸನ ಜಿಲ್ಲೆಯ ಗೊರೂರಿನವರಾದ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಅವರು ಹೆಲಿಕಾಪ್ಟರ್ ಸೇವೆಯ ಅನುಭವದ ಬಲದ ಮೇಲೆ 2003ರಲ್ಲಿ ಏರ್ ಡೆಕ್ಕನ್ ಆರಂಭಿಸಿದರು. ಊಟೋಪಚಾರವಿಲ್ಲದ, ಕಡಿಮೆ ದರದ ಹಾರಾಟವೆಂಬ ಕಲ್ಪನೆಯನ್ನು ಭಾರತದಲ್ಲಿ ನೆಲೆಗೊಳಿಸಿದ ಸಂಸ್ಥೆ ಇದು. ಎ.ಟಿ.ಆರ್. ಎಂಬ ಸಣ್ಣ ಟರ್ಬೊಪ್ರೊಪ್ ವಿಮಾನಗಳ ಮೂಲಕ ಅದು ಎರಡನೆಯ ಹಾಗೂ ಮೂರನೆಯ ದರ್ಜೆಯ ಪಟ್ಟಣಗಳನ್ನು ತಲುಪಿತು. 80ಕ್ಕಿಂತ ಕಡಿಮೆ ಆಸನಗಳ ವಿಮಾನಗಳಿಗೆ ವಿಮಾನ ನಿಲ್ದಾಣ ಪ್ರಾಧಿಕಾರದ ನಿಲ್ದಾಣಗಳಲ್ಲಿ ಇಳಿಕೆ ಶುಲ್ಕದ ವಿನಾಯಿತಿ ಇದ್ದುದು ಈ ಪ್ರಯೋಗಕ್ಕೆ ಅನುಕೂಲವಾಯಿತು.

ವಿಜಯ್ ಮಲ್ಯ ಅವರ ನೇತೃತ್ವದ ಕಿಂಗ್‌ಫಿಷರ್ 2005ರ ಮೇ ತಿಂಗಳಲ್ಲಿ ಸೇವೆ ಆರಂಭಿಸಿತು. ಅದರ ದಾರಿ ಡೆಕ್ಕನ್‌ಗೆ ತದ್ವಿರುದ್ಧವಾದುದು: ಪ್ರತಿ ಆಸನಕ್ಕೂ ಪುಟ್ಟ ಪರದೆ, ಉತ್ತಮ ಊಟ, ಆಡಂಬರದ ಆತಿಥ್ಯ. ಅದೇ ವರ್ಷ ಅದು ಐದು ಎ380 ಬೃಹತ್ ವಿಮಾನಗಳಿಗೆ ಬೇಡಿಕೆ ಸಲ್ಲಿಸಿದ್ದು ಅದರ ಮಹತ್ವಾಕಾಂಕ್ಷೆಯನ್ನು ಸೂಚಿಸುತ್ತದೆ.

ಪತನದ ಕಾರಣಗಳು

ಕಿಂಗ್‌ಫಿಷರ್ ಪತನವನ್ನು ಒಬ್ಬ ವ್ಯಕ್ತಿಯ ವಿಲಾಸದ ಕಥೆಯಾಗಿ ಹೇಳುವುದು ರೂಢಿಯಾಗಿದೆ. ಆದರೆ ಮಾರುಕಟ್ಟೆಯ ಅಧ್ಯಯನಕ್ಕೆ ಅದಕ್ಕಿಂತ ಮುಖ್ಯವಾದ ಕಾರಣಗಳು ನೀತಿ ಮತ್ತು ವೆಚ್ಚದ ರಚನೆಯಲ್ಲಿವೆ.

ಮೊದಲನೆಯದು, ವಿದೇಶ ಹಾರಾಟದ ನಿಯಮ. ದೇಶದೊಳಗೆ ಐದು ವರ್ಷ ಸೇವೆ ಸಲ್ಲಿಸಿ, 20 ವಿಮಾನಗಳನ್ನು ಹೊಂದಿದ ಸಂಸ್ಥೆಗೆ ಮಾತ್ರ ಹೊರದೇಶಗಳಿಗೆ ಹಾರಲು ಆಗ ಅನುಮತಿ ಇತ್ತು. 2005ರಲ್ಲಿ ಹುಟ್ಟಿದ ಕಿಂಗ್‌ಫಿಷರ್ 2010ರವರೆಗೆ ಕಾಯಬೇಕಾಗಿತ್ತು. 2003ರಲ್ಲಿ ಹುಟ್ಟಿದ ಡೆಕ್ಕನ್‌ಗೆ 2008ರ ಆಗಸ್ಟ್‌ನಲ್ಲಿಯೇ ಆ ಅರ್ಹತೆ ದೊರೆಯುವುದಿತ್ತು. 2007ರಲ್ಲಿ ಕಿಂಗ್‌ಫಿಷರ್ ಪಾಳಯವು 550 ಕೋಟಿ ರೂಪಾಯಿಗಳಿಗೆ ಡೆಕ್ಕನ್‌ನ ಶೇ. 26ರಷ್ಟು ಷೇರುಗಳನ್ನು ಕೊಂಡು, ಮುಂದೆ ಎರಡೂ ಸಂಸ್ಥೆಗಳನ್ನು ವಿಲೀನಗೊಳಿಸಿತು. 2008ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಿಂದ ಲಂಡನ್ನಿಗೆ ಅದರ ಮೊದಲ ವಿಮಾನ ಹೊರಟಿತು. ವಿಲೀನದ ಹಿಂದೆ ಈ ನಿಯಮವೂ ಒಂದು ಪ್ರಬಲ ಪ್ರೇರಣೆಯಾಗಿತ್ತೆಂಬುದು ಈ ದಿನಾಂಕಗಳಿಂದಲೇ ಸ್ಪಷ್ಟವಾಗುತ್ತದೆ.

ಎರಡನೆಯದು, ವಿಲೀನದ ಆಂತರಿಕ ವಿರೋಧ. ಕಡಿಮೆ ದರದ ಡೆಕ್ಕನ್ ‘ಕಿಂಗ್‌ಫಿಷರ್ ರೆಡ್’ ಎಂದು ಹೆಸರು ಬದಲಿಸಿಕೊಂಡಿತು. ಒಂದೇ ಹೆಸರಿನಡಿ ದುಬಾರಿ ಸೇವೆ ಮತ್ತು ಅಗ್ಗದ ಸೇವೆ ಎರಡೂ ನಡೆದುದರಿಂದ ಪ್ರಯಾಣಿಕನಿಗೆ ವ್ಯತ್ಯಾಸ ಅಸ್ಪಷ್ಟವಾಯಿತು. ಸಂಸ್ಥೆಗೆ ಎರಡು ಬಗೆಯ ವೆಚ್ಚದ ಹೊರೆ ಮಾತ್ರ ಸ್ಪಷ್ಟವಾಗಿ ಉಳಿಯಿತು. 2011ರ ಸೆಪ್ಟೆಂಬರ್‌ನಲ್ಲಿ ಕಿಂಗ್‌ಫಿಷರ್ ರೆಡ್ ಸೇವೆಯನ್ನು ಕೈಬಿಡುವ ನಿರ್ಧಾರ ಪ್ರಕಟವಾಯಿತು.

ಮೂರನೆಯದು, ಇಂಧನದ ವೆಚ್ಚ. 2008ರ ಜುಲೈನಲ್ಲಿ ಕಚ್ಚಾ ತೈಲದ ಬೆಲೆ ಬ್ಯಾರೆಲ್‌ಗೆ 147 ಡಾಲರ್‌ವರೆಗೆ ಏರಿತು. ಅದರ ಮೇಲೆ ರಾಜ್ಯಗಳು ವಿಮಾನ ಇಂಧನಕ್ಕೆ ವಿಧಿಸುತ್ತಿದ್ದ ಮಾರಾಟ ತೆರಿಗೆ ಹಲವೆಡೆ ಶೇ. 20ನ್ನು ಮೀರಿತ್ತು. ಟಿಕೆಟ್ ಮಾರಾಟ ರೂಪಾಯಿಯಲ್ಲಿ, ಆದರೆ ವಿಮಾನದ ಬಾಡಿಗೆ ಮತ್ತು ಬಿಡಿಭಾಗಗಳ ವೆಚ್ಚ ಡಾಲರ್‌ನಲ್ಲಿ ಎಂಬ ಸ್ಥಿತಿಯಲ್ಲಿ ರೂಪಾಯಿ ಕುಸಿದಾಗಲೆಲ್ಲ ನಷ್ಟ ಬೆಳೆಯುತ್ತಿತ್ತು.

ಕಿಂಗ್‌ಫಿಷರ್ ತನ್ನ ಆಯುಷ್ಯದಲ್ಲಿ ಒಂದು ವರ್ಷವೂ ಲಾಭ ಕಾಣಲಿಲ್ಲ. 2008–09ರಲ್ಲಿ ಸುಮಾರು 1,609 ಕೋಟಿ, 2009–10ರಲ್ಲಿ 1,647 ಕೋಟಿ, 2010–11ರಲ್ಲಿ 1,027 ಕೋಟಿ, 2011–12ರಲ್ಲಿ 2,328 ಕೋಟಿ ರೂಪಾಯಿಗಳ ನಷ್ಟವನ್ನು ಅದು ದಾಖಲಿಸಿತು. 2011ರಲ್ಲಿ ದೇಶದ ಪ್ರಯಾಣಿಕರಲ್ಲಿ ಐದನೇ ಒಂದು ಭಾಗದಷ್ಟನ್ನು ಹೊತ್ತಿದ್ದ ಸಂಸ್ಥೆಯ ಪಾಲು 2012ರ ಆಗಸ್ಟ್ ವೇಳೆಗೆ ಶೇ. 4ಕ್ಕಿಂತ ಕೆಳಗಿಳಿಯಿತು. ವೇತನ ಬಾಕಿಗಾಗಿ ಎಂಜಿನಿಯರುಗಳು ಮತ್ತು ಪೈಲಟ್‌ಗಳು ಮುಷ್ಕರ ಹೂಡಿದ ಮೇಲೆ ಅಕ್ಟೋಬರ್ ಮೊದಲಲ್ಲಿ ಹಾರಾಟ ಸಂಪೂರ್ಣ ನಿಂತಿತು. ಅಕ್ಟೋಬರ್ 20ರಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ಪರವಾನಗಿಯನ್ನು ಅಮಾನತಿನಲ್ಲಿಟ್ಟಿತು. ಡಿಸೆಂಬರ್ 31ಕ್ಕೆ ಅದರ ಅವಧಿ ಮುಗಿಯಿತು.

ಮಾರುಕಟ್ಟೆಯ ಮೇಲಿನ ತಕ್ಷಣದ ಪರಿಣಾಮ

ಮಹಾನಿರ್ದೇಶನಾಲಯದ ಅಂಕಿ-ಅಂಶಗಳ ಪ್ರಕಾರ 2011ರಲ್ಲಿ ದೇಶದೊಳಗೆ 606.63 ಲಕ್ಷ ಮಂದಿ ವಿಮಾನದಲ್ಲಿ ಪ್ರಯಾಣಿಸಿದ್ದರು. 2012ರಲ್ಲಿ ಆ ಸಂಖ್ಯೆ 588.15 ಲಕ್ಷಕ್ಕೆ, ಅಂದರೆ ಸುಮಾರು ಶೇ. 3ರಷ್ಟು ಇಳಿಯಿತು. 2013ರಲ್ಲಿ ಅದು 614.26 ಲಕ್ಷಕ್ಕೆ ಏರಿ ಹಿಂದಿನ ಮಟ್ಟವನ್ನು ದಾಟಿತು. ಐದನೇ ಒಂದು ಪಾಲು ಹೊಂದಿದ್ದ ಸಂಸ್ಥೆ ಇಲ್ಲವಾದಾಗ ಒಟ್ಟು ಪ್ರಯಾಣ ಕೇವಲ ಶೇ. 3ರಷ್ಟು ಕುಗ್ಗಿತೆಂಬುದು ಗಮನಾರ್ಹ. ಉಳಿದ ಸಂಸ್ಥೆಗಳ ವಿಮಾನಗಳಲ್ಲಿ ಖಾಲಿ ಹೋಗುತ್ತಿದ್ದ ಆಸನಗಳು ತುಂಬಿದವು. ಇಂಡಿಗೋ ಮೊದಲಾದ ಸಂಸ್ಥೆಗಳು ತರಿಸಿಕೊಳ್ಳುತ್ತಿದ್ದ ಹೊಸ ವಿಮಾನಗಳು ತೆರವಾದ ವೇಳೆಗಳಿಗೆ ಸಿದ್ಧವಾಗಿದ್ದವು.

ಆಸನಗಳ ಕೊರತೆಯಿಂದ 2012ರಲ್ಲಿ ಪ್ರಯಾಣ ದರಗಳು ಏರಿದವು. ಒಂದು ಸಂಸ್ಥೆಯು ವೆಚ್ಚಕ್ಕಿಂತ ಕಡಿಮೆ ದರಕ್ಕೆ ಆಸನ ಮಾರುತ್ತಿದ್ದಷ್ಟು ಕಾಲ ಇತರರೂ ಅದೇ ದರಕ್ಕೆ ಇಳಿಯಬೇಕಾಗುತ್ತದೆ. ಅದು ನಿಂತಾಗ ದರವು ವೆಚ್ಚದ ಸಮೀಪಕ್ಕೆ ಮರಳುತ್ತದೆ. ಈ ಏರಿಕೆಯ ಲಾಭ ಎಲ್ಲರಿಗೂ ಸಮನಾಗಿ ಸಿಗಲಿಲ್ಲ. 2006ರಲ್ಲಿ ಆರಂಭವಾಗಿ, ಒಂದೇ ಬಗೆಯ ವಿಮಾನ ಹಾಗೂ ಒಂದೇ ದರ್ಜೆಯ ಆಸನಕ್ಕೆ ತನ್ನನ್ನು ಸೀಮಿತಗೊಳಿಸಿಕೊಂಡಿದ್ದ ಇಂಡಿಗೋ 2012ರ ಮಧ್ಯಭಾಗದ ವೇಳೆಗೆ ದೇಶದ ಪ್ರಥಮ ಸ್ಥಾನಕ್ಕೆ ಬಂದಿತು. ಸ್ಪೈಸ್‌ಜೆಟ್ ಅತಿ ವೇಗವಾಗಿ ವಿಸ್ತರಿಸಿ 2014ರ ಡಿಸೆಂಬರ್‌ನಲ್ಲಿ ತಾನೇ ಮುಚ್ಚುವ ಅಂಚಿಗೆ ಬಂದು, ಆಡಳಿತ ಬದಲಾದ ಮೇಲೆ ಉಳಿದುಕೊಂಡಿತು. ಪ್ರತಿಸ್ಪರ್ಧಿಯ ಪತನವು ಉಳಿದವರಿಗೆ ಅವಕಾಶವನ್ನಷ್ಟೇ ಒದಗಿಸುತ್ತದೆ. ಅದನ್ನು ದಕ್ಕಿಸಿಕೊಳ್ಳುವ ಶಕ್ತಿ ಆಯಾ ಸಂಸ್ಥೆಯ ವೆಚ್ಚದ ಶಿಸ್ತಿನಿಂದ ಬರುತ್ತದೆ.

ಸಣ್ಣ ನಿಲ್ದಾಣಗಳು ಮತ್ತು ಮಲೆನಾಡಿನ ಒಳನಾಡು

ಬೆಂಗಳೂರು–ದೆಹಲಿ, ಬೆಂಗಳೂರು–ಮುಂಬಯಿ ಮಾರ್ಗಗಳಲ್ಲಿ ತೆರವು ಬೇಗ ತುಂಬಿತು. ಸಣ್ಣ ನಿಲ್ದಾಣಗಳ ಸ್ಥಿತಿ ಬೇರೆ. ಮೈಸೂರಿನ ಉದಾಹರಣೆ ಇದನ್ನು ಸ್ಪಷ್ಟಪಡಿಸುತ್ತದೆ. ಹೊಸ ನಿಲ್ದಾಣ ಸಿದ್ಧವಾದ ಮೇಲೆ 2010ರ ಅಕ್ಟೋಬರ್‌ನಲ್ಲಿ ಅಲ್ಲಿಂದ ಬೆಂಗಳೂರಿಗೆ ಸೇವೆ ಆರಂಭಿಸಿದ್ದು ಕಿಂಗ್‌ಫಿಷರ್. 2011ರ ನವೆಂಬರ್‌ನಲ್ಲಿ, ಅಂದರೆ ಸಂಸ್ಥೆ ಪೂರ್ಣ ಮುಚ್ಚುವುದಕ್ಕೆ ಸುಮಾರು ಒಂದು ವರ್ಷ ಮೊದಲೇ, ಆ ಸೇವೆ ನಿಂತಿತು. ಮರಳಿ ವಿಮಾನ ಬರಲು 2013ರ ಜನವರಿಯವರೆಗೆ ಕಾಯಬೇಕಾಯಿತು. ಆಗ ಬಂದ ಸ್ಪೈಸ್‌ಜೆಟ್ ಕೂಡ 2014ರಲ್ಲಿ ಹಿಂದೆ ಸರಿಯಿತು. ಕೇಂದ್ರದ ‘ಉಡಾನ್’ ಯೋಜನೆಯ ಸಹಾಯಧನದೊಂದಿಗೆ 2017ರಲ್ಲಿ ಟ್ರೂಜೆಟ್ ಬಂದಿತು. ಆ ಸಂಸ್ಥೆಯೂ 2022ರಲ್ಲಿ ಹಾರಾಟ ನಿಲ್ಲಿಸಿತು. ಸಂಕಟದಲ್ಲಿರುವ ಸಂಸ್ಥೆ ಮೊದಲು ಕೈಬಿಡುವುದು ಸಣ್ಣ ಊರಿನ ಮಾರ್ಗವನ್ನು. ಇತರ ಸಂಸ್ಥೆಗಳು ಕೊನೆಗೆ ತುಂಬುವುದೂ ಅದನ್ನೇ. ಮಹಾನಗರಗಳಿಗೆ ತಿಂಗಳುಗಳಲ್ಲಿ ಕಳೆದುಹೋದ ಅಡಚಣೆ ಇಂತಹ ಊರುಗಳಿಗೆ ವರ್ಷಗಳಾಗಿ ಹಿಗ್ಗುತ್ತದೆ.

ವಿಮಾನ ನಿಲ್ದಾಣವೇ ಇಲ್ಲದ ಪ್ರದೇಶಗಳ ಮೇಲಿನ ಪರಿಣಾಮ ಇನ್ನೂ ಪರೋಕ್ಷವಾದುದು. ಚಿಕ್ಕಮಗಳೂರು ಜಿಲ್ಲೆಯ ಕಾಫಿ ಸೀಮೆ ಇದಕ್ಕೆ ನಿದರ್ಶನ. ಮೂಡಿಗೆರೆ ತಾಲ್ಲೂಕಿನ ಬಣಕಲ್ ಚಾರ್ಮಾಡಿ ಘಾಟಿಯ ಮೇಲ್ಭಾಗದಲ್ಲಿ, ಮಂಗಳೂರಿಗೆ ಇಳಿಯುವ ರಾಷ್ಟ್ರೀಯ ಹೆದ್ದಾರಿಯ ಮೇಲಿದೆ. ಬಣಕಲ್, ಕೊಟ್ಟಿಗೆಹಾರ, ಕಳಸ ಭಾಗದವರಿಗೆ ಹತ್ತಿರದ ದೊಡ್ಡ ನಿಲ್ದಾಣ ಘಟ್ಟದ ಕೆಳಗಿನ ಮಂಗಳೂರು; ಘಟ್ಟದ ದಾರಿ ಮಳೆಗಾಲದಲ್ಲಿ ಕುಸಿದಾಗ ಉಳಿಯುವುದು ಬೆಂಗಳೂರು ಮಾತ್ರ. 2019ರ ಆಗಸ್ಟ್‌ನ ಭೂಕುಸಿತದಲ್ಲಿ ಚಾರ್ಮಾಡಿ ರಸ್ತೆ ಬಂದ್ ಆದುದು ಇಂತಹ ಒಂದು ಸಂದರ್ಭ. ಹಾಸನ–ಮಂಗಳೂರು ರೈಲು ಮಾರ್ಗವು ಗೇಜ್ ಪರಿವರ್ತನೆಗಾಗಿ ಮುಚ್ಚಿ, ಪ್ರಯಾಣಿಕ ರೈಲು ಮರಳಿದ್ದು 2007ರ ಡಿಸೆಂಬರ್‌ನಲ್ಲಿ. ಆದಕಾರಣ ಕರಾವಳಿ ಮತ್ತು ರಾಜಧಾನಿಯ ನಡುವಿನ ವಿಮಾನ ಮಾರ್ಗವು ಘಟ್ಟದ ಅನಿಶ್ಚಿತತೆಗೆ ಒಂದು ಪರ್ಯಾಯವಾಗಿಯೂ ಬೆಳೆಯಿತು.

ಕಿಂಗ್‌ಫಿಷರ್ ನಿಂತಾಗ ಮಂಗಳೂರಿನ ಸಂಪರ್ಕ ಕಡಿಯಲಿಲ್ಲ. ಜೆಟ್ ಏರ್‌ವೇಸ್ ಮೊದಲಾದ ಸಂಸ್ಥೆಗಳು ಅಲ್ಲಿದ್ದವು. ಕೊಲ್ಲಿ ರಾಷ್ಟ್ರಗಳ ಹಾರಾಟವು ಪ್ರಧಾನವಾಗಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಕೈಯಲ್ಲಿದ್ದುದರಿಂದ ಅದಕ್ಕೂ ಧಕ್ಕೆಯಾಗಲಿಲ್ಲ. ಮೈಸೂರು ಮತ್ತು ಮಂಗಳೂರುಗಳ ಈ ವ್ಯತ್ಯಾಸ ಮುಖ್ಯವಾದುದು. ಒಂದೇ ಸಂಸ್ಥೆಯನ್ನು ನೆಚ್ಚಿದ ನಿಲ್ದಾಣವು ಆ ಸಂಸ್ಥೆಯೊಂದಿಗೇ ಮೌನವಾಯಿತು. ಹಲವು ಸಂಸ್ಥೆಗಳಿದ್ದ ನಿಲ್ದಾಣ ಮತ್ತು ಅದನ್ನು ಅವಲಂಬಿಸಿದ ಘಟ್ಟದ ಮೇಲಿನ ಒಳನಾಡು ಉಳಿದುಕೊಂಡವು.

ಸಾಲ, ಬಾಡಿಗೆ ವಿಮಾನ ಮತ್ತು ದುಡಿಮೆ

ಕಿಂಗ್‌ಫಿಷರ್‌ಗೆ ಸಾಲ ನೀಡಿದ್ದು ಭಾರತೀಯ ಸ್ಟೇಟ್ ಬ್ಯಾಂಕ್ ನೇತೃತ್ವದ ಬ್ಯಾಂಕುಗಳ ಒಕ್ಕೂಟ. ಅವುಗಳಲ್ಲಿ ಹೆಚ್ಚಿನವು ಸಾರ್ವಜನಿಕ ವಲಯದವು. 2010–11ರ ಸಾಲ ಮರುಹೊಂದಾಣಿಕೆಯಲ್ಲಿ ಬ್ಯಾಂಕುಗಳು ಸಾಲದ ಒಂದು ಭಾಗವನ್ನು ಅಂದಿನ ಮಾರುಕಟ್ಟೆ ದರಕ್ಕಿಂತ ಹೆಚ್ಚಿನ ಬೆಲೆಗೆ ಷೇರುಗಳಾಗಿ ಪರಿವರ್ತಿಸಿಕೊಂಡವು. ವಿಮಾನಗಳು ಬಹುಪಾಲು ಬಾಡಿಗೆಯವಾದುದರಿಂದ ಅಡಮಾನವಾಗಿ ದೊರೆತವುಗಳಲ್ಲಿ ‘ಕಿಂಗ್‌ಫಿಷರ್’ ಎಂಬ ಹೆಸರೇ ಪ್ರಧಾನವಾಗಿತ್ತು. ಒಮ್ಮೆ 4,000 ಕೋಟಿ ರೂಪಾಯಿಗೂ ಹೆಚ್ಚು ಬೆಲೆ ಕಟ್ಟಲಾಗಿದ್ದ ಆ ಹೆಸರನ್ನು 2016ರಲ್ಲಿ ಸುಮಾರು 367 ಕೋಟಿಯ ಮೂಲಬೆಲೆಗೆ ಹರಾಜಿಗಿಟ್ಟಾಗ ಕೊಳ್ಳುವವರು ಬರಲಿಲ್ಲ. ಮುಂಬಯಿಯ ‘ಕಿಂಗ್‌ಫಿಷರ್ ಹೌಸ್’ ಕಟ್ಟಡವು 2016ರಲ್ಲಿ 150 ಕೋಟಿಯ ಮೂಲಬೆಲೆಗೆ ಮಾರಾಟವಾಗದೆ, ಹಲವು ಹರಾಜುಗಳ ಬಳಿಕ 2021ರಲ್ಲಿ 52.25 ಕೋಟಿಗೆ ಹೋಯಿತು. ಹಾರದ ವಿಮಾನ ಸಂಸ್ಥೆಯ ಹೆಸರಿಗೆ ಬೆಲೆ ಇಲ್ಲವೆಂಬುದು ಬ್ಯಾಂಕಿಂಗ್ ವಲಯಕ್ಕೆ ದೊರೆತ ದುಬಾರಿ ಪಾಠ.

ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಯು 2017ರ ಜನವರಿಯಲ್ಲಿ 6,203 ಕೋಟಿ ರೂಪಾಯಿಗಳನ್ನು ಶೇ. 11.5ರ ಬಡ್ಡಿಯೊಂದಿಗೆ ವಸೂಲು ಮಾಡಿಕೊಳ್ಳಲು ಬ್ಯಾಂಕುಗಳಿಗೆ ಅವಕಾಶ ನೀಡಿತು. ಜಪ್ತಿಯಾದ ಆಸ್ತಿಗಳಿಂದ 14,131 ಕೋಟಿ ರೂಪಾಯಿಗಳಷ್ಟು ಬ್ಯಾಂಕುಗಳಿಗೆ ಮರಳಿದೆಯೆಂದು ಕೇಂದ್ರ ಹಣಕಾಸು ಸಚಿವರು 2024ರ ಡಿಸೆಂಬರ್‌ನಲ್ಲಿ ಲೋಕಸಭೆಗೆ ತಿಳಿಸಿದರು. ಈ ಹಣದ ಮುಖ್ಯ ಮೂಲ ವಿಮಾನ ಸಂಸ್ಥೆಯ ಆಸ್ತಿಯಲ್ಲ, ಅದಕ್ಕೆ ಜಾಮೀನು ನಿಂತಿದ್ದ ಸಮೂಹದ ಇತರ ಕಂಪನಿಗಳ ಷೇರುಗಳು. ಯುನೈಟೆಡ್ ಸ್ಪಿರಿಟ್ಸ್ ಕಂಪನಿಯ ನಿಯಂತ್ರಣವನ್ನು ಬ್ರಿಟನ್ನಿನ ಡಿಯಾಜಿಯೋಗೆ ವರ್ಗಾಯಿಸುವ ಒಪ್ಪಂದ ಪ್ರಕಟವಾದುದು 2012ರ ನವೆಂಬರ್‌ನಲ್ಲಿ. ಸಮೂಹದ ಮಾತೃ ಕಂಪನಿಯ ಸಮಾಪನೆಗೆ ಕರ್ನಾಟಕ ಉಚ್ಚ ನ್ಯಾಯಾಲಯ 2017ರ ಫೆಬ್ರವರಿಯಲ್ಲಿ ಆದೇಶಿಸಿತು. ಬೆಂಗಳೂರಿನ ಹಳೆಯ ಉದ್ಯಮ ಸಮೂಹವೊಂದು ವಿಮಾನಯಾನದ ನಷ್ಟವನ್ನು ಹೊರಲಾರದೆ ಹೀಗೆ ಚದುರಿಹೋಯಿತು.

ನೌಕರರ ಸ್ಥಿತಿ ಇವೆಲ್ಲಕ್ಕಿಂತ ಕಠಿಣವಾದುದು. ಪೈಲಟ್‌ಗಳಲ್ಲಿ ಅನೇಕರಿಗೆ ಬೇರೆಡೆ ಕೆಲಸ ದೊರೆಯಿತು. ನೆಲದ ಮೇಲಿನ ಸಿಬ್ಬಂದಿ, ಕೆಳಸ್ತರದ ತಂತ್ರಜ್ಞರು ಮತ್ತು ಕಚೇರಿ ನೌಕರರಿಗೆ ಆ ಅನುಕೂಲ ಇರಲಿಲ್ಲ. ತಿಂಗಳುಗಟ್ಟಲೆ ವೇತನ ಬರಲಿಲ್ಲ; ವೇತನದಿಂದ ಕಡಿತಗೊಳಿಸಿದ ಆದಾಯ ತೆರಿಗೆಯೂ ಸರ್ಕಾರಕ್ಕೆ ಸಂದಾಯವಾಗದೆ ಅವರಿಗೆ ತೊಡಕಾಯಿತು. ಕಂಪನಿಯ ಸಮಾಪನೆಯ ಆದೇಶ ಬಂದದ್ದೇ 2016ರಲ್ಲಿ. ಹಕ್ಕು ಮಂಡಿಸಲು ನಾಲ್ಕು ವರ್ಷ ಕಾಯಬೇಕಾಯಿತು. ನೌಕರರ ಬಾಕಿಗಾಗಿ 300 ಕೋಟಿ ರೂಪಾಯಿಗೂ ಅಧಿಕ ಮೊತ್ತದ ಬಿಡುಗಡೆಗೆ ಹಾದಿ ತೆರೆದದ್ದು 2025ರ ಡಿಸೆಂಬರ್‌ನಲ್ಲಿ, ಹಾರಾಟ ನಿಂತು 13 ವರ್ಷಗಳ ತರುವಾಯ.

ನೀತಿಯ ಮೇಲಿನ ಪರಿಣಾಮ

ಹಾರಾಟ ನಿಲ್ಲುವುದಕ್ಕೆ ಎರಡು ವಾರಗಳ ಮುನ್ನ, 2012ರ ಸೆಪ್ಟೆಂಬರ್‌ನಲ್ಲಿ, ವಿದೇಶಿ ವಿಮಾನಯಾನ ಸಂಸ್ಥೆಗಳು ಭಾರತೀಯ ಸಂಸ್ಥೆಗಳಲ್ಲಿ ಶೇ. 49ರವರೆಗೆ ಬಂಡವಾಳ ಹೂಡಲು ಕೇಂದ್ರ ಸರ್ಕಾರ ಅನುಮತಿ ನೀಡಿತು. ಅದಕ್ಕಾಗಿ ಒತ್ತಾಯಿಸಿದವರಲ್ಲಿ ಕಿಂಗ್‌ಫಿಷರ್ ಮುಂಚೂಣಿಯಲ್ಲಿತ್ತು. ಪ್ರಯೋಜನ ಪಡೆದವರು ಇತರರು. 2013ರಲ್ಲಿ ಜೆಟ್ ಏರ್‌ವೇಸ್ ತನ್ನ ಶೇ. 24 ಷೇರುಗಳನ್ನು ಎತಿಹಾದ್‌ಗೆ ನೀಡಲು ಒಪ್ಪಿತು. ಬೆಂಗಳೂರಿನಲ್ಲಿ ನೆಲೆಯೂರಿದ ಏರ್‌ಏಷ್ಯಾ ಇಂಡಿಯಾ 2014ರ ಜೂನ್‌ನಲ್ಲಿ, ವಿಸ್ತಾರ 2015ರ ಜನವರಿಯಲ್ಲಿ ಹಾರಾಟ ಆರಂಭಿಸಿದವು. ವಿಲೀನಕ್ಕೆ ಪ್ರೇರಣೆಯಾಗಿದ್ದ ಐದು ವರ್ಷಗಳ ನಿಯಮವು 2016ರ ನಾಗರಿಕ ವಿಮಾನಯಾನ ನೀತಿಯಲ್ಲಿ ರದ್ದಾಯಿತು.

ಬಾಡಿಗೆ ವಿಮಾನಗಳ ವಿಷಯದಲ್ಲಿ ಪಾಠ ಕಲಿಯಲು ಹೆಚ್ಚು ಕಾಲ ಹಿಡಿಯಿತು. ವಿಮಾನದ ಮಾಲೀಕರ ಹಕ್ಕನ್ನು ಕಾಯುವ ಕೇಪ್‌ಟೌನ್ ಒಡಂಬಡಿಕೆಗೆ ಭಾರತ 2008ರಲ್ಲಿಯೇ ಸೇರಿದ್ದರೂ ಕಿಂಗ್‌ಫಿಷರ್‌ನ ವಿಮಾನಗಳನ್ನು ಮರಳಿ ಪಡೆಯಲು ಮಾಲೀಕ ಕಂಪನಿಗಳು ಹೆಣಗಬೇಕಾಯಿತು. ಮಾಲೀಕರಿಗೆ ಅಪಾಯ ಹೆಚ್ಚಿದಷ್ಟೂ ಬಾಡಿಗೆ ದರ ಏರುತ್ತದೆ; ಆ ಹೊರೆ ಕೊನೆಗೆ ಟಿಕೆಟ್‌ನ ಮೇಲೆಯೇ ಬೀಳುತ್ತದೆ. 2023ರ ಮೇ ತಿಂಗಳಲ್ಲಿ ಗೋ ಫಸ್ಟ್ ನಿಂತಾಗ ದಿವಾಳಿ ಕಾನೂನಿನ ತಡೆಯಿಂದ ಅದೇ ಸಮಸ್ಯೆ ಮರುಕಳಿಸಿತು. ವಿಮಾನಗಳನ್ನು ಆ ತಡೆಯಿಂದ ಹೊರಗಿಡುವ ಅಧಿಸೂಚನೆ 2023ರ ಅಕ್ಟೋಬರ್‌ನಲ್ಲಿ ಬಂದು, 2025ರಲ್ಲಿ ಸಂಸತ್ತು ಪ್ರತ್ಯೇಕ ಕಾಯಿದೆಯನ್ನೇ ಅಂಗೀಕರಿಸಿತು.

ಸ್ಪರ್ಧೆಯ ಕೇಂದ್ರೀಕರಣ

ಕಿಂಗ್‌ಫಿಷರ್ ಬಳಿಕ 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್, 2023ರಲ್ಲಿ ಗೋ ಫಸ್ಟ್ ನಿಂತವು. ಪ್ರತಿ ಬಾರಿಯೂ ತೆರವಾದ ಸ್ಥಳದ ದೊಡ್ಡ ಪಾಲು ಆಗಲೇ ಬಲವಾಗಿದ್ದ ಸಂಸ್ಥೆಗೆ ಸೇರಿತು. ಟಾಟಾ ಸಮೂಹವು 2022ರಲ್ಲಿ ಏರ್ ಇಂಡಿಯಾವನ್ನು ಪಡೆದು, 2024ರಲ್ಲಿ ಏರ್‌ಏಷ್ಯಾ ಇಂಡಿಯಾ ಮತ್ತು ವಿಸ್ತಾರಗಳನ್ನು ತನ್ನ ಎರಡು ಸಂಸ್ಥೆಗಳಲ್ಲಿ ವಿಲೀನಗೊಳಿಸಿತು. ಹೀಗೆ 2012ರ ಪತನವು ತೆರೆದ ಬಾಗಿಲಿನಿಂದ ಬಂದ ಹೊಸ ಹೆಸರುಗಳು ಹತ್ತೇ ವರ್ಷಗಳಲ್ಲಿ ಇಲ್ಲವಾದವು. ಇಂಡಿಗೋ ಒಂದರ ಪಾಲೇ ಶೇ. 60ನ್ನು ಮೀರಿತು.

ಈ ಕೇಂದ್ರೀಕರಣದ ಅರ್ಥ 2025ರ ಡಿಸೆಂಬರ್ ಮೊದಲ ವಾರದಲ್ಲಿ ವ್ಯಕ್ತವಾಯಿತು. ಪೈಲಟ್‌ಗಳ ವಿಶ್ರಾಂತಿಗೆ ಸಂಬಂಧಿಸಿದ ಹೊಸ ನಿಯಮಗಳಿಗೆ ಇಂಡಿಗೋ ತಕ್ಕ ಸಿದ್ಧತೆ ಮಾಡಿಕೊಳ್ಳದೆ ಸಾವಿರಾರು ಹಾರಾಟಗಳು ರದ್ದಾದಾಗ ದೇಶದ ನಿಲ್ದಾಣಗಳಲ್ಲಿ ಪ್ರಯಾಣಿಕರು ಸಿಲುಕಿಕೊಂಡರು. ಐದನೇ ಒಂದು ಪಾಲಿನ ಸಂಸ್ಥೆಯೊಂದು ಸಂಪೂರ್ಣ ಇಲ್ಲವಾದುದನ್ನು 2012ರ ಮಾರುಕಟ್ಟೆ ತಾಳಿಕೊಂಡಿತ್ತು. ಶೇ. 60ಕ್ಕೂ ಹೆಚ್ಚಿನ ಪಾಲು ಹೊಂದಿದ್ದ ಸಂಸ್ಥೆಯ ಕೆಲವೇ ದಿನಗಳ ಅಸ್ತವ್ಯಸ್ತತೆಯನ್ನು 2025ರ ಮಾರುಕಟ್ಟೆ ತಾಳಿಕೊಳ್ಳಲಿಲ್ಲ.

ಸಮಾರೋಪ

ಕಿಂಗ್‌ಫಿಷರ್ ಪತನದ ಪರಿಣಾಮಗಳನ್ನು ಪ್ರಯಾಣಿಕರ ಸಂಖ್ಯೆಯೊಂದರಿಂದ ಅಳೆದರೆ ಅದು ಒಂದು ವರ್ಷದ ಅಡಚಣೆ ಮಾತ್ರ. ಪರಿಣಾಮ ಯಾರ ಮೇಲೆ ಬಿತ್ತು ಎಂದು ನೋಡಿದಾಗ ಚಿತ್ರ ಬದಲಾಗುತ್ತದೆ. ಮಹಾನಗರದ ಪ್ರಯಾಣಿಕ ಸ್ವಲ್ಪ ಹೆಚ್ಚು ದರ ತೆತ್ತು ಮುಂದೆ ಸಾಗಿದ. ಬ್ಯಾಂಕುಗಳಿಗೆ ಹಣ ಮರಳಲು ದಶಕ ಹಿಡಿಯಿತು. ಮೈಸೂರಿನಂತಹ ನಿಲ್ದಾಣಗಳು ಮತ್ತೆ ಮತ್ತೆ ಖಾಲಿಯಾದವು. ನೌಕರರು ಎಲ್ಲರಿಗಿಂತ ಹೆಚ್ಚು ಕಾಲ ಕಾದರು. ಹಲವು ಸಂಸ್ಥೆಗಳ ಮಾರುಕಟ್ಟೆಯೊಂದು ಒಂದೆರಡು ಸಮೂಹಗಳ ಮಾರುಕಟ್ಟೆಯಾಗಿ ಮಾರ್ಪಟ್ಟಿತು.

ಈ ಹಿನ್ನೆಲೆಯಲ್ಲಿ ಕರ್ನಾಟಕದ ವಿಮಾನಯಾನ ಯೋಜನೆಗೆ ಒಂದು ಸೂಚನೆ ದೊರೆಯುತ್ತದೆ. ಕಲಬುರಗಿ 2019ರಲ್ಲಿ, ಬೀದರ್ 2020ರಲ್ಲಿ, ಶಿವಮೊಗ್ಗ 2023ರಲ್ಲಿ ವಿಮಾನ ಸೇವೆ ಪಡೆದಿವೆ. ರನ್‌ವೇ ನಿರ್ಮಾಣವು ಸಂಪರ್ಕದ ಮೊದಲ ಹೆಜ್ಜೆ ಮಾತ್ರ. ನಿಲ್ದಾಣವೊಂದು ಎಷ್ಟು ಸಂಸ್ಥೆಗಳನ್ನು ಆಕರ್ಷಿಸಿ ಉಳಿಸಿಕೊಳ್ಳಬಲ್ಲುದೆಂಬುದರ ಮೇಲೆ ಅದರ ಬಾಳಿಕೆ ನಿಂತಿದೆ. ಏಕೈಕ ಸಂಸ್ಥೆಯನ್ನು ನೆಚ್ಚಿದ ಊರು, ಆ ಸಂಸ್ಥೆಯ ಲೆಕ್ಕಪತ್ರದ ಏರುಪೇರಿಗೆ ತನ್ನ ಸಂಪರ್ಕವನ್ನೂ ಒಪ್ಪಿಸಿದಂತಾಗುತ್ತದೆ.